ಚಿನ್ನದ ರೇಕು, ಒದ್ದೆ ಬೆರಳು

ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ನಾನು ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಎಂದು ಬರೆದು ರುಜು ಹಾಕಿ ಬರುತ್ತೇನೆ. ಪಿಂಚಣಿ ಬೇಕಾದವರೆಲ್ಲ ಮಾಡಬೇಕಾದ ಕೆಲಸ ಅದು. ಈಗೀಗ ಮನೆಯಲ್ಲೇ ಕೂತು ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ, ಮಗಳು ಮಾಡಿಕೊಡುತ್ತೇನೆ ಎನ್ನುತ್ತಾಳೆ. ನನಗೆ ಹೋಗಿಯೇ ಬರಬೇಕು. ಇಪ್ಪತ್ತೊಂದು ವರ್ಷ ಕೂತೆದ್ದ ಶಾಖೆ. ಬಾಗಿಲ ಮೇಲಿನ ಹೆಸರು ಮಾತ್ರ ಬೇರೆಯಾಗಿದೆ. ನಮ್ಮ ನಾಡಿನಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಸೇರಿಹೋದವು. ನಾನಿದ್ದದ್ದೂ ಅವುಗಳಲ್ಲೊಂದು.

ಕಳೆದ ನವೆಂಬರಿನಲ್ಲಿ ಕೌಂಟರಿನಲ್ಲಿದ್ದವಳು ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಕಂಪ್ಯೂಟರಿನಲ್ಲಿ ನನ್ನ ವಿವರ ನೋಡಿದವಳು ತಲೆಯೆತ್ತಿ, "ನಲವತ್ನಾಲ್ಕಕ್ಕೇ ವಿಆರ್‌ಎಸ್ ತಗೊಂಡ್ರಾ ಸಾರ್? ಆರೋಗ್ಯ ಸರಿ ಇರ್ಲಿಲ್ವಾ?" ಎಂದಳು.

"ಆರೋಗ್ಯ ಚೆನ್ನಾಗೇ ಇತ್ತಮ್ಮ. ಚಿತ್ರ ಬರೀಬೇಕು ಅಂತ ಬಿಟ್ಟೆ."

ಅವಳ ಬೆರಳು ಹಾಗೇ ನಿಂತವು. ನನ್ನ ಹಿಂದೆ ಏಳೆಂಟು ಜನ ಇದ್ದರು. ದನಿ ತಗ್ಗಿಸಿ, "ನನಗೂ ಬಿಡ್ಬೇಕು ಅನ್ಸತ್ತೆ ಸಾರ್. ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ಒಂದು ವರ್ಷ ನಾಟಕ ಕಲೀಬೇಕು ಅಂತ. ಮನೇಲಿ ಇನ್ನೂ ಹೇಳಿಲ್ಲ. ನಿಮಗೆ ಯಾವತ್ತೂ ತಪ್ಪು ಮಾಡ್ದೆ ಅನ್ನಿಸ್ಲಿಲ್ವಾ?" ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಬಹಳ ವರ್ಷಗಳಿಂದ ಒಂದು ಉತ್ತರ ಇದೆ. ಪ್ರದರ್ಶನಗಳಲ್ಲಿ ಯಾರಾದರೂ ಕೇಳಿದರೆ ಹೇಳುತ್ತೇನೆ, ಜನ ತಲೆದೂಗುತ್ತಾರೆ. ಅವಳ ಮುಖ ನೋಡಿ ಅದನ್ನು ಹೇಳಲಾಗಲಿಲ್ಲ. "ಇನ್ನೊಂದ್ಸಲ ಬಂದಾಗ ಹೇಳ್ತೀನಮ್ಮ" ಎಂದು ಹೊರಗೆ ಬಂದೆ. ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಹೇಳುವುದಾದರೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯಲಿಲ್ಲ.

ಅಗ್ರಹಾರದ ನಮ್ಮ ಮನೆಯ ದೇವರಕೋಣೆಯಲ್ಲಿ ಒಂದು ಶ್ರೀರಾಮ ಪಟ್ಟಾಭಿಷೇಕದ ಪಟ ಇತ್ತು. ಅಜ್ಜಿಯ ತವರಿನಿಂದ ಬಂದದ್ದು. ಅದಕ್ಕೆ ಗಾಜು ಇರಲಿಲ್ಲ. ಅಮ್ಮ ಪ್ರತಿ ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು, ಮಡಿಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಪಟವನ್ನು ಮೇಲಿನಿಂದ ಕೆಳಕ್ಕೆ ಒರೆಸಿ ಕುಂಕುಮ ಇಡುತ್ತಿದ್ದಳು. ಒರೆಸಿದ ಬಟ್ಟೆಯಲ್ಲಿ ಒಂದೆರಡು ಹೊಳೆಯುವ ಚೂರು ಅಂಟಿರುತ್ತಿದ್ದವು. ಅಮ್ಮ ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ನಾನು ಬೆರಳಿಗೆ ಅಂಟಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ರಾಮನ ಕಿರೀಟದಲ್ಲಿ ಚಿನ್ನ ಉಳಿದಿರಲಿಲ್ಲ. ಹಳದಿ ಬೆರೆತ ಬಿಳಿಯ ಉಬ್ಬು ಮಾತ್ರ ಕಾಣುತ್ತಿತ್ತು. ಆ ಉಬ್ಬನ್ನು ಬೆರಳಿನಿಂದ ಸವರಿ, ಇದನ್ನು ಯಾರೋ ಕೈಯಲ್ಲಿ ಮಾಡಿದ್ದಾರೆ ಎಂದು ಅರ್ಥವಾದ ದಿನ ನನಗೆ ಈಗಲೂ ನೆನಪಿದೆ.

ಚಿತ್ರಕಲೆ ಓದಬೇಕೆಂದು ಆಸೆ ಇತ್ತು. ಅಪ್ಪ ತೀರಿಕೊಂಡಿದ್ದರು, ಹಿಂದೆ ಇಬ್ಬರು ತಂಗಿಯರು, ಒಬ್ಬ ತಮ್ಮ. 1979ರಲ್ಲಿ ಪರೀಕ್ಷೆ ಬರೆದೆ, ಕ್ಲರ್ಕ್ ಕೆಲಸ ಸಿಕ್ಕಿತು. ಅಮ್ಮ ಆ ದಿನ ಚಾಮುಂಡಿಬೆಟ್ಟ ಹತ್ತಿ ಬಂದಳು.

ಬ್ಯಾಂಕನ್ನು ನಾನು ಬಹಳ ವರ್ಷ ದೂರಿಕೊಂಡೇ ಮಾತಾಡಿದ್ದೇನೆ. ನನ್ನ ಯೌವನ ತಿಂದಿತು ಎಂದು ಹೇಳಿದ್ದೂ ಉಂಟು. ಅದು ತಪ್ಪು. ಅಲ್ಲಿ ನನಗೆ ಪ್ರಿಯವಾದ ಕೆಲಸವೂ ಇತ್ತು. ಕಂಪ್ಯೂಟರ್ ಬರುವ ಮೊದಲು ಲೆಡ್ಜರ್‌ಗಳನ್ನು ಕೈಯಲ್ಲೇ ಬರೆದು ಕೂಡಬೇಕಿತ್ತು. ಅರ್ಧ ವರ್ಷದ ಲೆಕ್ಕ ಮುಗಿಸುವ ರಾತ್ರಿಗಳಲ್ಲಿ ಮ್ಯಾನೇಜರು ಹೋಟೆಲಿನಿಂದ ಇಡ್ಲಿ ತರಿಸುತ್ತಿದ್ದರು, ನಾವು ಹನ್ನೊಂದು ಗಂಟೆಯವರೆಗೂ ತಾಳೆ ನೋಡುತ್ತ ಕೂರುತ್ತಿದ್ದೆವು. ಬಂದ ವ್ಯತ್ಯಾಸ ಒಂಬತ್ತರಿಂದ ಭಾಗವಾಯಿತು ಎಂದರೆ ಎಲ್ಲೋ ಯಾರೋ ಎರಡು ಅಂಕಿಗಳನ್ನು ಅದಲುಬದಲು ಬರೆದಿದ್ದಾರೆ ಎಂದು ಮೊದಲು ಅನುಮಾನಿಸಬೇಕು. ಐವತ್ನಾಲ್ಕು ಪೈಸೆಗಾಗಿ ಸಾವಿರ ಖಾತೆ ತಿರುವಿ, ಕೊನೆಗೆ ಎಲ್ಲೋ ಒಂದು ಕಡೆ 71ರ ಜಾಗದಲ್ಲಿ 17 ಸಿಕ್ಕಾಗ ಆಗುತ್ತಿದ್ದ ಸಮಾಧಾನವನ್ನು ಆಮೇಲೆ ನಾನು ಒಂದು ಚಿತ್ರ ಮುಗಿಸಿದಾಗ ಮಾತ್ರ ಕಂಡಿದ್ದೇನೆ.

1989ರಲ್ಲಿ ನನ್ನನ್ನು ಒಡವೆ ಸಾಲದ ಕೌಂಟರಿಗೆ ಹಾಕಿದರು. ಶ್ರಾವಣದ ಒಂದು ಬೆಳಿಗ್ಗೆ ಐವತ್ತು ದಾಟಿದ ಒಬ್ಬರು ಬಂದರು. ಬಿಳಿ ಪಂಚೆ, ತೋಳು ಮಡಿಸಿದ ಅಂಗಿ. ಕರವಸ್ತ್ರದ ಗಂಟು ಬಿಚ್ಚಿ ಎರಡು ಬಳೆ ಇಟ್ಟರು. ಚಿನ್ನ ನೋಡುವ ಆಚಾರ್ರು ಒರೆಗಲ್ಲಿಗೆ ಉಜ್ಜುತ್ತಿರುವಾಗ ನಾನು ಅರ್ಜಿ ತುಂಬುತ್ತಿದ್ದೆ. ಅವರ ಉಗುರುಸಂದಿಯಲ್ಲೆಲ್ಲ ಕೆಂಪು ಬಣ್ಣ ಕೂತಿತ್ತು.

"ಸಾಲ ಯಾತಕ್ಕೆ?"

"ರೇಕು ತರ್ಬೇಕು ಸ್ವಾಮಿ. ಚಿನ್ನದ ರೇಕು. ಒಂದು ರಾಜರಾಜೇಶ್ವರಿ ಪಟ ಒಪ್ಕೊಂಡಿದ್ದೀನಿ, ಅವರು ಮುಂಗಡ ಕೊಟ್ಟಿಲ್ಲ."

ಹೆಂಡತಿಯ ಬಳೆ ಇಟ್ಟು ದೇವಿಯ ಬಳೆಗೆ ಚಿನ್ನ ತರುತ್ತಿದ್ದರು. ಅರ್ಜಿಯಲ್ಲಿ ಅದಕ್ಕೆ ಹೊಂದುವ ಮಾತಿರಲಿಲ್ಲ. 'ಮನೆ ಖರ್ಚು' ಎಂದು ಬರೆದೆ. ಸಂಜೆ ಅವರು ಕೊಟ್ಟ ವಿಳಾಸ ಹುಡುಕಿಕೊಂಡು ಹೋದೆ.

ನಡುಮನೆಯೇ ಅವರ ಕೆಲಸದ ಜಾಗ. ಒಂದು ಇಳಿಜಾರು ಮಣೆ, ಗೋಡೆಗೆ ಒರಗಿಸಿಟ್ಟ ಹಲಗೆಗಳು, ಒಂದು ಕಲ್ಲಿನ ಕಲ್ವ. ತಮ್ಮ ಹಿರೀಕರು ವಿಜಯನಗರ ಹಾಳಾದ ಮೇಲೆ ಹೊಟ್ಟೆಪಾಡಿಗೆ ಶ್ರೀರಂಗಪಟ್ಟಣಕ್ಕೆ ಬಂದವರು ಎಂದು ಅವರು ಹೇಳುತ್ತಿದ್ದರು. ಅವರ ಮನೆತನದ ಮಾತು ಏನೇ ಇರಲಿ, ಮೈಸೂರು ಶೈಲಿ ಬೆಳೆದ ದಾರಿ ಅದೇ. 1565ರ ನಂತರ ಚಿತ್ರಗಾರರು ಚದುರಿದರು, 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ರಾಜ ಒಡೆಯರು ಕೆಲವರಿಗೆ ಆಸರೆಯಾದರು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆ ತುಂಬಿಕೊಂಡಿತು. ಶ್ರೀತತ್ತ್ವನಿಧಿ ಎಂಬ ಗ್ರಂಥದ ಚಿತ್ರಗಳೂ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳೂ ಆ ಕೈಗಳದೇ. 1868ರಲ್ಲಿ ಮುಮ್ಮಡಿಯವರು ತೀರಿಕೊಂಡ ಮೇಲೆ ಆಸರೆ ತಗ್ಗಿತು. ಆ ನಡುಮನೆಯಲ್ಲಿ ನಾನು ಕಂಡದ್ದು ಆ ಇಳಿಜಾರಿನ ತುದಿಯನ್ನು.

ಅವರನ್ನು ಮೇಷ್ಟ್ರು ಎಂದು ಕರೆದೆ, ಹಾಗೆಯೇ ಉಳಿಯಿತು. ಅವರು ನನ್ನನ್ನು "ಬ್ಯಾಂಕಿನವರೇ" ಎನ್ನುತ್ತಿದ್ದರು. ಹನ್ನೊಂದು ವರ್ಷ ಪ್ರತಿ ಭಾನುವಾರ ಹೋದೆ. ಮೊದಲ ಒಂದು ವರ್ಷ ಕುಂಚ ಕೊಡಲಿಲ್ಲ. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿ ಗೆರೆ ಎಳೆಯಬೇಕು, ಇಲ್ಲವೇ ಕಲ್ವದಲ್ಲಿ ಅರೆಯಬೇಕು. ಸಂತೆಪೇಟೆಯ ಗ್ರಂಥಿಗೆ ಅಂಗಡಿಯಿಂದ ಇಂಗಳೀಕ, ಅರದಾಳ ತಂದು ಅರೆಯುತ್ತಿದ್ದೆ. "ಕಿವಿ ಇಟ್ಟು ಕೇಳಿ, ಮರಳಿನ ಸದ್ದು ಹೋಗೋವರ್ಗೂ ಅರೀರಿ" ಎನ್ನುತ್ತಿದ್ದರು. ಹಾಗೆ ಕೇಳುತ್ತ ಅರೆದರೆ, ಒಂದು ಹೊತ್ತಿನಲ್ಲಿ ಕರಕರ ಎನ್ನುವುದು ನಿಂತು ಕಲ್ಲು ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆ.

ನನಗೆ ಕೊನೆಯವರೆಗೂ ಕಷ್ಟವಾದದ್ದು ಮಕ್ಕಿ ಸಫೇದದ ಕೆಲಸ, ಅದರ ಮೇಲೆ ರೇಕು ಕೂರಿಸುವುದು. ಬಿಳಿಯ ಸಫೇದ ಪುಡಿಗೆ ಮಕ್ಕಿ ಎನ್ನುವ ಹಳದಿ ಮರದಂಟು, ಗೋಂದು ಸೇರಿಸಿ ಅರೆದ ಸರಿ ಅದು. ಕುಂಚದ ತುದಿಯಲ್ಲಿ ತೆಗೆದುಕೊಂಡು ಕಿರೀಟಕ್ಕೆ, ಒಡವೆಗೆ, ಸೀರೆಯಂಚಿಗೆ ಉಬ್ಬು ಬರಿಸಬೇಕು. ತಂಜಾವೂರಿನ ಪಟಗಳಲ್ಲಿ ಉಬ್ಬು ದಪ್ಪ, ಮೈಸೂರಿನಲ್ಲಿ ತೀರ ತೆಳು. ಬೆರಳಿಗೆ ತಿಳಿಯಬೇಕು, ಕಣ್ಣಿಗೆ ಚುಚ್ಚಬಾರದು. ಒಂದು ಮುತ್ತಿನ ಸಾಲಿನಲ್ಲಿ ನಲವತ್ತು ಚುಕ್ಕೆ ಇದ್ದರೆ ನಲವತ್ತೂ ಒಂದೇ ಗಾತ್ರ. ಸರಿ ಸ್ವಲ್ಪ ನೀರಾದರೆ ಚುಕ್ಕೆ ಹರಡುತ್ತದೆ, ಗಟ್ಟಿಯಾದರೆ ಮೂಗು ಬರುತ್ತದೆ. ಒಣಗಿದ ಮೇಲೆ ಮೇಷ್ಟ್ರು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಗೋಂದು ಸವರಿದ ಜಾಗದ ಮೇಲೆ ಬಾಯಿಂದ ಒಮ್ಮೆ ಬೆಚ್ಚಗೆ ಉಸಿರು ಬಿಡುತ್ತಿದ್ದರು. ಆಮೇಲೆ ಉಸಿರು ಹಿಡಿದು ರೇಕು ಇಳಿಸುತ್ತಿದ್ದರು. ಕಾಗದಗಳ ನಡುವೆ ಇರುವ ಆ ರೇಕು ಎಷ್ಟು ತೆಳುವೆಂದರೆ ಒಬ್ಬರು ಪಕ್ಕದಲ್ಲಿ ಮಾತಾಡಿದರೆ ಮಡಚಿಕೊಳ್ಳುತ್ತದೆ.

ನಾನು ಮೊದಲ ಸಲ ರೇಕು ಮುಟ್ಟಿದಾಗ ಅದು ನನ್ನ ಬೆರಳಿಗೇ ಅಂಟಿ ಪುಡಿಯಾಯಿತು. ಮೇಷ್ಟ್ರು ನನ್ನ ಕೈ ಹಿಡಿದು ನೋಡಿ, "ನೋಟು ಎಣ್ಸೋ ಕೈ" ಎಂದರು. ನಗದು ಕೌಂಟರಿನಲ್ಲಿ ವರ್ಷಗಟ್ಟಲೆ ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಒತ್ತಿ, ಏನನ್ನಾದರೂ ತೆಳ್ಳಗಿನದ್ದನ್ನು ಮುಟ್ಟುವ ಮುನ್ನ ಬೆರಳನ್ನು ತುಟಿಗೆ ತಾಗಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಹಾಳಾದ ರೇಕಿಗೆ ದುಡ್ಡು ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ.

2000ದ ಕೊನೆಯಲ್ಲಿ ಸ್ವಯಂ ನಿವೃತ್ತಿಯ ಸುತ್ತೋಲೆ ಬಂತು. ಹದಿನೈದು ವರ್ಷ ಸೇವೆ ಅಥವಾ ನಲವತ್ತು ವರ್ಷ ವಯಸ್ಸು ಆಗಿರಬೇಕು. ಮುಗಿಸಿದ ಪ್ರತಿ ವರ್ಷಕ್ಕೆ ಅರವತ್ತು ದಿನದ ಸಂಬಳ, ಇಲ್ಲವೇ ಉಳಿದ ತಿಂಗಳುಗಳ ಸಂಬಳ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಜೊತೆಗೆ ಪಿಂಚಣಿ. ದೇಶದಲ್ಲಿ ಸುಮಾರು ಒಂದು ಲಕ್ಷ ಬ್ಯಾಂಕ್ ನೌಕರರು ಆಗ ಹೊರಬಂದರು. ಯೂನಿಯನ್ನಿನ ಗೆಳೆಯರು, "ಸೀಟು ಬಿಟ್ಟುಕೊಟ್ಟರೆ ಆ ಸೀಟೇ ಹೋಗುತ್ತೆ ಕಣಯ್ಯ, ಇನ್ನೊಬ್ಬನಿಗೆ ಸಿಗಲ್ಲ" ಎಂದು ಎಚ್ಚರಿಸಿದರು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅರ್ಜಿ ಹಾಕುವ ಮುನ್ನ ಹೆಂಡತಿಯನ್ನು ಕೇಳಿದೆ. ಅವಳು ಸರ್ಕಾರಿ ಶಾಲೆಯಲ್ಲಿ ಟೀಚರು. ಮಗಳು ಆಗ ಎಂಟನೇ ಕ್ಲಾಸು. ಹೆಂಡತಿ ಒಂದು ದಿನ ಪೂರ್ತಿ ಏನೂ ಹೇಳಲಿಲ್ಲ. ಮರುದಿನ ಪಾತ್ರೆ ತೊಳೆಯುತ್ತ, "ನನ್ನ ಸಂಬಳ ನಿಲ್ಲಲ್ವಲ್ಲ, ಹಾಕಿ" ಎಂದಳು. ಆ ಮಾತನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡು ಖುಷಿಪಟ್ಟೆ. ಅವಳು ಸಂಜೆ ಗಮಕ ಕಲಿಯಲು ಹೋಗುತ್ತಿದ್ದಳು, ಕುಮಾರವ್ಯಾಸನನ್ನು ಚೆನ್ನಾಗಿ ಹಾಡುತ್ತಿದ್ದಳು. ಮುಂದಿನ ಜೂನಿನಿಂದ ಅದೇ ಹೊತ್ತಿನಲ್ಲಿ ಮನೆಪಾಠ ಶುರುಮಾಡಿದಳು. ಗಮಕ ಬಿಟ್ಟೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಡುಮನೆಯಲ್ಲಿ ಹತ್ತು ಮಕ್ಕಳು ಮಗ್ಗಿ ಹೇಳುತ್ತಿದ್ದರೆ ನನಗೆ ಗೆರೆ ಕೂರುವುದಿಲ್ಲ ಎಂದು ಗೊಣಗಿದ್ದು ನೆನಪಿದೆ. ಇವತ್ತು ಅದನ್ನು ನೆನೆದರೆ ಸಂಕಟವಾಗುತ್ತದೆ.

2001ರ ಮಾರ್ಚ್ 31ರಂದು ಬೀಳ್ಕೊಡುಗೆ ಮುಗಿಸಿ, ಕೊರಳಿನ ಹಾರ ಸ್ಕೂಟರಿನ ಹ್ಯಾಂಡಲಿಗೆ ಹಾಕಿಕೊಂಡು, ಅರ್ಧ ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಒಂದು ಸರಸ್ವತಿಗೆ ಬಣ್ಣ ತುಂಬುತ್ತಿದ್ದರು.

"ಮೇಷ್ಟ್ರೇ, ಬಿಟ್ಟುಬಿಟ್ಟೆ. ಇನ್ನು ದಿನಾ ಬರ್ತೀನಿ."

ಅವರು ಕುಂಚವನ್ನು ನೀರಿನ ಬಟ್ಟಲಿಗೆ ಇಳಿಸಿದರು. ತೊಳೆದು, ಬಟ್ಟೆಗೆ ಒತ್ತಿ, ತುದಿ ಕೂಡಿಸಿ ಇಟ್ಟರು. ಆಮೇಲೆ ಕೇಳಿದರು: "ಆ ಜಾಗ ನಮ್ಮ ಹುಡುಗನಿಗೆ ಸಿಗತ್ತಾ ಬ್ಯಾಂಕಿನವರೇ?"

ಅವರ ಮಗನ ವಿಷಯ ಇಲ್ಲಿಯವರೆಗೆ ಬರೆಯಲಿಲ್ಲ. ಅವನು ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಎಷ್ಟೋ ಸಲ ನನ್ನನ್ನು ಕೇಳಿದ್ದ, ಅಣ್ಣಾ, ಬ್ಯಾಂಕಿಗೆ ಯಾವಾಗ ಕರೀತಾರೆ ಎಂದು. ನನ್ನ ಹಳೆಯ ಪರೀಕ್ಷೆಯ ಪುಸ್ತಕಗಳನ್ನು ಕೊಟ್ಟಿದ್ದೆ. ಆದರೆ ಅವನು ಕುಂಚ ಹಿಡಿದದ್ದನ್ನು ನಾನು ನೋಡಿದ್ದೇನೆ. ಹದಿನಾರನೇ ವಯಸ್ಸಿನಲ್ಲಿ ಅಪ್ಪನಿಗೆ ಜ್ವರ ಬಂದಿದ್ದಾಗ ಒಂದು ಲಕ್ಷ್ಮಿಯ ಅಭಯಹಸ್ತವನ್ನು ಒಂದೇ ಉಸಿರಿನಲ್ಲಿ ಎಳೆದಿದ್ದ. ಬೆರಳ ತುದಿ ಒಂದಿಷ್ಟೇ ಹಿಂದಕ್ಕೆ ಬಾಗಿತ್ತು, ಆ ಬಾಗಿನಲ್ಲೇ ಕರುಣೆ ಇತ್ತು. ಅವನು ಹದಿನಾರಕ್ಕೆ ಎಳೆದ ಆ ಬೆರಳನ್ನು ನಾನು ಅರವತ್ತೆಂಟಕ್ಕೂ ಎಳೆಯಲಾರೆ.

ಮೇಷ್ಟ್ರಿಗೆ ಏನು ಹೇಳಲಿ? ನಾನು ಬಿಟ್ಟ ಕುರ್ಚಿ ಯಾರಿಗೂ ಸಿಗುವುದಾಗಿರಲಿಲ್ಲ. ಕ್ಲರ್ಕುಗಳ ನೇಮಕಾತಿ ಹೆಚ್ಚುಕಡಿಮೆ ನಿಂತೇ ಹೋಗಿತ್ತು, ಯೂನಿಯನ್ನಿನವರು ಹೇಳಿದಂತೆಯೇ ಆಯಿತು. "ಇಲ್ಲ ಮೇಷ್ಟ್ರೇ" ಎಂದೆ. ಅವರು ಮೈಸೂರುಪಾಕಿನ ಪೊಟ್ಟಣ ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡು, "ಒಳ್ಳೇದಾಗ್ಲಿ" ಎಂದರು. ಮತ್ತೆ ಕುಂಚ ಎತ್ತಿಕೊಂಡರು. ಅದರ ಮರುವರ್ಷ ಮಗ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಅವನ ಮಣೆಯ ಮೇಲೆ ನಾನು ಕೂರತೊಡಗಿದೆ.

ಜನ ನನ್ನನ್ನು ಧೈರ್ಯವಂತ ಎನ್ನುವಾಗ ನನಗೆ ಆ ಮಣೆ ನೆನಪಾಗುತ್ತದೆ. ನನಗೆ ಬಿಡಲು ಒಂದು ಕೆಲಸ ಇತ್ತು, ಬಿಟ್ಟ ಮೇಲೂ ತಿಂಗಳಿಗೊಮ್ಮೆ ಬರುವ ಪಿಂಚಣಿ ಇತ್ತು, ಹೆಂಡತಿಯ ಸಂಬಳ ಇತ್ತು. ಮೊದಲ ಪಟ ಮಾರಾಟವಾದದ್ದು 2003ರಲ್ಲಿ, ಮೂರೂವರೆ ಸಾವಿರಕ್ಕೆ. ರೇಕಿನ ಖರ್ಚು ಕಳೆದರೆ ನಾಲ್ಕು ತಿಂಗಳ ದುಡಿಮೆಗೆ ಉಳಿದದ್ದು ಸಾವಿರದ ಚಿಲ್ಲರೆ. ನಾನು ಅದನ್ನು ದೇವರ ಮುಂದೆ ಇಟ್ಟು ನಮಸ್ಕಾರ ಮಾಡಿದೆ. ಮೇಷ್ಟ್ರ ಮನೆಯಲ್ಲಿ ಆ ದುಡ್ಡಿನಲ್ಲಿ ಅಕ್ಕಿ ಬರಬೇಕಿತ್ತು. ಒಂದೇ ಕೆಲಸ ನನಗೆ ಬಿಡುಗಡೆ, ಅವರ ಮಗನಿಗೆ ಕಟ್ಟು. ನನ್ನ ಸಿದ್ಧ ಉತ್ತರದಲ್ಲಿ ಈ ಮಾತು ಯಾವತ್ತೂ ಇರಲಿಲ್ಲ.

ಬಿಟ್ಟದ್ದಕ್ಕೆ ನಾನು ಮರುಗಿಲ್ಲ. ಅದನ್ನೂ ಅಷ್ಟೇ ನೇರವಾಗಿ ಹೇಳಬೇಕು. ಬೆಳಿಗ್ಗೆ ಐದಕ್ಕೆ ಎದ್ದು, ಕಾಫಿ ಕುಡಿದು, ಉತ್ತರದ ಕಿಟಕಿಯ ಬೆಳಕಿನಲ್ಲಿ ಮಣೆಯ ಮುಂದೆ ಕೂತರೆ ಹತ್ತಾದದ್ದು ತಿಳಿಯುವುದಿಲ್ಲ. ಇಪ್ಪತ್ತನಾಲ್ಕು ವರ್ಷವಾದರೂ ಹಾಗೆಯೇ ಇದೆ. ಬ್ಯಾಂಕು ಕಲಿಸಿದ ಕೂರುವ ಶಕ್ತಿ ನನ್ನನ್ನು ಕಾಯ್ದಿದೆ. ನಲವತ್ತು ಮುತ್ತಿನಲ್ಲಿ ಒಂದು ದೊಡ್ಡದಾದರೆ ರಾತ್ರಿ ನಿದ್ದೆ ಬರುವುದಿಲ್ಲ, ಎದ್ದು ಹೋಗಿ ಕೆರೆದು ಮತ್ತೆ ಇಡುತ್ತೇನೆ. ಅದು ಐವತ್ನಾಲ್ಕು ಪೈಸೆ ಹುಡುಕಿದ ಗುಮಾಸ್ತನ ಬುದ್ಧಿ. ಮೇಷ್ಟ್ರಿಂದ ಬಂದದ್ದು ಕೈ, ಬ್ಯಾಂಕಿನಿಂದ ಬಂದದ್ದು ಬೆನ್ನು.

ಈಗ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎರಡು ದಿನದ ಶಿಬಿರದಲ್ಲಿ ಕಲಿಸುವವರೂ ಇದ್ದಾರೆ. ಡಬ್ಬಿಯಲ್ಲಿ ಸಿದ್ಧ ಸರಿ ಸಿಗುತ್ತದೆ, ಚಿನ್ನದ ಬಣ್ಣದ ಹಾಳೆ ಸಿಗುತ್ತದೆ, ಕಲ್ವ ಬೇಕಾಗಿಲ್ಲ. ಅದರಿಂದ ಹತ್ತು ಜನ ಕುಂಚ ಹಿಡಿದರೆ ಸಂತೋಷವೇ. ಆದರೆ ಮುದ್ರಿಸಿದ ಚಿತ್ರದ ಮೇಲೆ ಅಲ್ಲಲ್ಲಿ ಹೊಳಪು ಹಚ್ಚಿ ಕೈಯಲ್ಲಿ ಮಾಡಿದ್ದೆಂದು ಮಾರುವುದನ್ನು ನಾನು ಒಪ್ಪುವುದಿಲ್ಲ. ಮೇಷ್ಟ್ರ ಮಗನಂಥವನು ಏಳರ ಬಸ್ಸು ಹತ್ತಲು ಅಂಥ ಮಾರಾಟವೂ ಒಂದು ಕಾರಣ.

ಮೇಷ್ಟ್ರು 2011ರಲ್ಲಿ ಹೋದರು. ವೈಕುಂಠ ಸಮಾರಾಧನೆಯ ದಿನ ಮಗ ಒಳಗಿನಿಂದ ಕಲ್ವ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟ. "ನೀವು ತಗೊಂಡು ಹೋಗಿ ಅಣ್ಣಾ, ನಮ್ಮನೇಲಿ ಇನ್ಯಾರು ಅರೀತಾರೆ" ಎಂದ. ದನಿಯಲ್ಲಿ ಕಹಿ ಇರಲಿಲ್ಲ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಒಳಗೆ ಇನ್ನೂ ಇಂಗಳೀಕದ ಕೆಂಪು ಉಳಿದಿತ್ತು. ಆ ಮನೆ ಈಗ ಇಲ್ಲ, ಮೂರು ಅಂತಸ್ತಿನ ಹಾಸ್ಟೆಲು ಎದ್ದಿದೆ.

ಹೆಂಡತಿ ನಿವೃತ್ತಿಯಾದ ಮೇಲೆ ಮತ್ತೆ ಗಮಕಕ್ಕೆ ಹೋಗುತ್ತಿದ್ದಾಳೆ. ದನಿ ಮೊದಲಿನಷ್ಟು ಮೇಲಕ್ಕೆ ಹೋಗುವುದಿಲ್ಲ ಎಂದು ಒಮ್ಮೆ ಹೇಳಿದಳು.

ಬ್ಯಾಂಕಿನ ಆ ಹುಡುಗಿಗೆ ನಾನು ಹೋಗು ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ನೀನು ಬಿಟ್ಟರೆ ಮನೆಯಲ್ಲಿ ಯಾರ ಸಂಜೆ ಹೋಗುತ್ತದೆ ಎಂದು ಮೊದಲು ಕೇಳಿಕೊಂಡು ಬಾ ಎನ್ನುತ್ತೇನೆ. ಕೇಳದೆ ಇದ್ದದ್ದು ನನ್ನ ತಪ್ಪು. ಬಿಟ್ಟದ್ದು ತಪ್ಪಲ್ಲ. ಮುಂದಿನ ನವೆಂಬರಿಗೆ ಕಾಯದೆ ಈ ವಾರವೇ ಹೋಗಿ ಹೇಳಿ ಬರುತ್ತೇನೆ.

ಓದುವ ನಿಮ್ಮಲ್ಲೂ ಒಂದು ಕೋರಿಕೆ ಇದೆ. ಮೇಷ್ಟ್ರು ಯಾವ ಪಟಕ್ಕೂ ರುಜು ಹಾಕಿದವರಲ್ಲ. ದೇವರ ಪಾದದ ಹತ್ತಿರ ನಮ್ಮ ಹೆಸರು ಯಾಕೆ ಎನ್ನುತ್ತಿದ್ದರು. ಅವರವು, ಅವರಂಥವರವು ಹಳೆಯ ಮೈಸೂರು ಸೀಮೆಯ ಎಷ್ಟೋ ದೇವರಕೋಣೆಗಳಲ್ಲಿ ಹೊಗೆ ಹಿಡಿದು ಕೂತಿವೆ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ, ಮಸುಕಾಗಿದೆಯೆಂದು ಗುಜರಿಗೆ ಹಾಕಬೇಡಿ. ದೀಪವನ್ನು ಸ್ವಲ್ಪ ದೂರ ಇಡಿ. ಧೂಳು ಕೂತಿದ್ದರೆ ಒಣಗಿದ ಮೆತ್ತನೆಯ ಕುಂಚದಿಂದ ಮೇಲೆ ಮೇಲೆ ಸರಿಸಿ, ಕೆಲಸ ಬಲ್ಲವರಿಗೆ ತೋರಿಸಿ. ಮಕ್ಕಿ ಸಫೇದಕ್ಕೆ ನೀರು ತಾಗಿದರೆ ಗೋಂದು ಬಿಡುತ್ತದೆ. ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.